ಸುತ್ತಿಗೆಗೆ ಓಗೊಡದ ಮೊಣಕಾಲು

ಮಣಿಪಾಲದ ಆಸ್ಪತ್ರೆಯಲ್ಲಿ ಬೆಳಗಿನ ರೌಂಡ್ಸ್ ಹೇಗಿರುತ್ತದೆಂದು ಸ್ವಲ್ಪ ಊಹಿಸಿಕೊಳ್ಳಿ. ಹಾಸಿಗೆಯ ಮೇಲೆ ಹೆಬ್ರಿ ಕಡೆಯ ಒಬ್ಬ ಅಜ್ಜಿ. ಸುತ್ತ ಬಿಳಿ ಕೋಟು ತೊಟ್ಟ ಆರೇಳು ಮಂದಿ. ಅವರಲ್ಲೊಬ್ಬಳು ಮಲೇಷ್ಯಾದ ಈಪೋ ಊರಿನ ಚೀನೀ ಮನೆತನದ ಹುಡುಗಿ. ಕಲಿತ ನಾಲ್ಕೇ ನಾಲ್ಕು ಕನ್ನಡ ವಾಕ್ಯಗಳಲ್ಲಿ ಒಂದನ್ನು ಜೋಪಾನವಾಗಿ ಹೊರತೆಗೆದು ಕೇಳುತ್ತಾಳೆ:

“ಅಜ್ಜೀ, ಕೈಗೆ ಎಂತ ಆಯ್ತು?”

“ಕೈ ನಂದಲ್ಲ ಅಂತ ಆಗ್ತದೆ ಮಗಾ.”

ಹುಡುಗಿ ಪೆನ್ನು ಹಿಡಿದುಕೊಂಡೇ ಪ್ರೊಫೆಸರರ ಮುಖ ನೋಡುತ್ತಾಳೆ. ಪದಗಳೆಲ್ಲ ಅರ್ಥವಾದವು, ಮಾತು ಅರ್ಥವಾಗಲಿಲ್ಲ. ಕೈ ತನ್ನದಲ್ಲ ಎಂದರೇನು? ಜೋಮು ಹಿಡಿದಿದೆಯೆ? ಶಕ್ತಿ ಹೋಗಿದೆಯೆ? ಕಣ್ಣು ಮುಚ್ಚಿದರೆ ಕೈ ಎಲ್ಲಿದೆ ಎಂಬುದೇ ತಿಳಿಯುತ್ತಿಲ್ಲವೆ? ಹೊಟ್ಟೆನೋವಾದರೆ ಹೊಟ್ಟೆ ಮುಟ್ಟಿ ನೋಡಬಹುದು, ಕೆಮ್ಮಾದರೆ ಎದೆಗೆ ಸ್ಟೆತಾಸ್ಕೋಪು ಇಡಬಹುದು. ಮಿದುಳನ್ನು ಮುಟ್ಟುವಂತಿಲ್ಲ. ಈ ಮೂರರಲ್ಲಿ ಅಜ್ಜಿ ಹೇಳಿದ್ದು ಯಾವುದು ಎಂಬುದರ ಮೇಲೆ ರೋಗದ ಜಾಗವೇ ಬದಲಾಗಿಬಿಡುತ್ತದೆ. “ಇನ್ನೊಮ್ಮೆ ಕೇಳು, ಲೋಟ ಹಿಡಿಯಲಿಕ್ಕೆ ಆಗ್ತದಾ ಅಂತ ಕೇಳು” ಎನ್ನುತ್ತಾರೆ ಪ್ರೊಫೆಸರ್.

ನರರೋಗ ವಿಜ್ಞಾನವನ್ನು ಪರದೇಶದ ಮಕ್ಕಳಿಗೆ ಕಲಿಸುವುದರ ಕಷ್ಟ ಇಲ್ಲಿಂದಲೇ ಶುರುವಾಗುತ್ತದೆ. ಪುಸ್ತಕ ಇಂಗ್ಲಿಷಿನಲ್ಲಿದೆ, ಪಾಠ ಇಂಗ್ಲಿಷಿನಲ್ಲಿದೆ, ಪರೀಕ್ಷೆಯೂ ಇಂಗ್ಲಿಷಿನಲ್ಲಿದೆ. ರೋಗಿ ಮಾತ್ರ ಇಂಗ್ಲಿಷಿನಲ್ಲಿಲ್ಲ. ‘ಕಾಲು ಎಳೀತದೆ’, ‘ತಲೆ ಧಿಂ ಅಂತದೆ’, ‘ವಾಯು ಹೊಡೆದಿದೆ’, ‘ಲಕ್ವ’, ‘ಬವಳಿ’, ‘ನರ ಸೆಟೆದಿದೆ’ — ಇವಕ್ಕೆಲ್ಲ ಇಂಗ್ಲಿಷ್ ಪಠ್ಯಪುಸ್ತಕದಲ್ಲಿ ಪುಟಸಂಖ್ಯೆ ಇಲ್ಲ. ಕನ್ನಡದ ಹುಡುಗರಿಗೇ ಕುಂದಾಪುರದ ಮಾತು, ತುಳು, ಬ್ಯಾರಿ ಭಾಷೆ, ಕೊಂಕಣಿ ತಬ್ಬಿಬ್ಬು ಮಾಡುವಾಗ ಮಲೇಷ್ಯಾದ ಮಗುವಿನ ಪಾಡು ಹೇಳುವುದೇನು!

ಆದರೆ ಈ ಪೇಚು ಒಮ್ಮುಖದ್ದಲ್ಲ. 1953ರಲ್ಲಿ ಆರಂಭವಾದ ಮಣಿಪಾಲದ ಕಸ್ತೂರಬಾ ಮೆಡಿಕಲ್ ಕಾಲೇಜಿಗೆ ಮಲೇಷ್ಯಾದಿಂದ ವಿದ್ಯಾರ್ಥಿಗಳು ಬರತೊಡಗಿ ಎಷ್ಟೋ ದಶಕಗಳಾದವು. 1997ರಲ್ಲಿ ಮಲೇಷ್ಯಾದಲ್ಲೇ ಮಲಾಕ್ಕ ಮಣಿಪಾಲ ಮೆಡಿಕಲ್ ಕಾಲೇಜು ಹುಟ್ಟಿತು. ಓದಿನ ಮೊದಲ ಎರಡೂವರೆ ವರ್ಷ ಮಣಿಪಾಲದಲ್ಲಿ, ಉಳಿದ ಎರಡೂವರೆ ವರ್ಷ ಮಲಾಕ್ಕ ಮತ್ತು ಮುವಾರ್ ಆಸ್ಪತ್ರೆಗಳಲ್ಲಿ ಎಂಬ ವಿಚಿತ್ರ ಏರ್ಪಾಡು ಬಹುಕಾಲ ನಡೆಯಿತು. ಅಂದರೆ ಇಲ್ಲಿನ ಮೇಷ್ಟ್ರುಗಳೂ ಕಡಲು ದಾಟಬೇಕಾಯಿತು. ಅಲ್ಲಿ ಹೋದ ಮೇಲೆ ಪಾತ್ರ ಅದಲುಬದಲು. ಈಗ ಕನ್ನಡದ ಪ್ರೊಫೆಸರ್ ಕಕ್ಕಾಬಿಕ್ಕಿ, ಮಲೇಷ್ಯಾದ ವಿದ್ಯಾರ್ಥಿ ದುಭಾಷಿ!

ಮಲಾಕ್ಕದ ರೋಗಿ ತಲೆ ಹಿಡಿದುಕೊಂಡು “ಸಾಕಿತ್ ಕಪಾಲಾ” ಎನ್ನುತ್ತಾನೆ. ಸಾಕಿತ್ ಎಂದರೆ ನೋವು. ಕಪಾಲಾ ಎಂದರೆ ತಲೆ. ಸಾವಿರಾರು ವರ್ಷಗಳ ಹಿಂದೆ ಹಡಗು ಹತ್ತಿ ಹೋದ ಸಂಸ್ಕೃತದ ಕಪಾಲವೇ ಅದು, ಇನ್ನೂ ಅಲ್ಲಿಯ ಜನರ ಹೆಗಲ ಮೇಲೆ ಗಟ್ಟಿಯಾಗಿ ಕೂತಿದೆ. (ಕನ್ನಡಿಗರ ಬಾಯಲ್ಲಿ ಕಪಾಳವೆಂದರೆ ಕೆನ್ನೆ, ಅದೂ ಏಟು ಬೀಳುವಾಗ ಮಾತ್ರ ನೆನಪಾಗುವ ಜಾಗ.) ಜ್ವರಕ್ಕೆ ದಮಾಮ್, ಜೋಮಿಗೆ ಕೆಬಾಸ್, ಸೆಳವಿಗೆ ಸಾವಾನ್. ಇಷ್ಟು ಕಲಿತರೆ ಅರ್ಧ ಕೆಲಸ ಆದ ಹಾಗೆ. ಉಳಿದರ್ಧವನ್ನು ಸುತ್ತಿಗೆ ಮಾಡಬೇಕು.

ಸುತ್ತಿಗೆ ಎಂದರೆ ರಬ್ಬರಿನ ತಲೆಯ ಆ ಪುಟ್ಟ ಸಾಧನ. ಮೊಣಕಾಲ ಚಿಪ್ಪಿನ ಕೆಳಗೆ ಒಂದು ಪೆಟ್ಟು, ಕಾಲು ಟಣ್ಣನೆ ಮುಂದಕ್ಕೆ ಚಿಮ್ಮುತ್ತದೆ. ಚಿಮ್ಮು ಎಂದು ಮಿದುಳು ಆಜ್ಞೆ ಕೊಟ್ಟಿಲ್ಲ. ಸ್ನಾಯುವಿನಿಂದ ಬೆನ್ನುಹುರಿಗೆ ಸುದ್ದಿ ಹೋಗಿ, ಅಲ್ಲಿಂದಲೇ ಉತ್ತರ ಹಿಂತಿರುಗಿ ಬಂದದ್ದು. ಊರಿನ ಜಗಳ ಪಂಚಾಯಿತಿ ಕಟ್ಟೆಯಲ್ಲೇ ತೀರ್ಮಾನವಾದಂತೆ. ಬೆಂಗಳೂರಿಗೆ ಹೋಗಬೇಕಿಲ್ಲ. ಬೆಂಗಳೂರಿನ ಕೆಲಸವೇನಿದ್ದರೂ ಪಂಚಾಯಿತಿಯವರು ಅತಿರೇಕಕ್ಕೆ ಹೋಗದಂತೆ ಹದ್ದುಬಸ್ತಿನಲ್ಲಿಡುವುದು. ಹಾಗಾಗಿ ಮಿದುಳು ಕೆಟ್ಟರೆ ದಿನಗಳೆದಂತೆ ಕಾಲು ಇನ್ನೂ ಜೋರಾಗಿ ಚಿಮ್ಮುತ್ತದೆ. ಬೆನ್ನುಹುರಿಯ ಆ ಮಟ್ಟವೋ ಅಲ್ಲಿಂದ ಹೊರಟ ನರವೋ ಕೆಟ್ಟರೆ ಚಿಮ್ಮುವುದೇ ಇಲ್ಲ. ನರವಿಜ್ಞಾನದ ಮೇಷ್ಟ್ರು ಇದನ್ನು ಸಾವಿರ ಸಲ ಹೇಳುತ್ತಾರೆ: ಮೊದಲು ಪೆಟ್ಟು ಎಲ್ಲಿ ಬಿದ್ದಿದೆ ಹೇಳು, ಆಮೇಲೆ ಏನು ಪೆಟ್ಟು ಎಂದು ಹೇಳು. ವಿದ್ಯಾರ್ಥಿಗಳಿಗೆ ಎರಡನೆಯದಕ್ಕೆ ಹಾರುವ ಆತುರ. ರೋಗದ ಹೆಸರು ಹೇಳಿಬಿಟ್ಟರೆ ಬುದ್ಧಿವಂತ ಎನಿಸಿಕೊಳ್ಳಬಹುದಲ್ಲ!

ಈ ಶಾಸ್ತ್ರವೆಂದರೆ ವಿದ್ಯಾರ್ಥಿಗಳಿಗೆ ಎಲ್ಲ ದೇಶಗಳಲ್ಲೂ ಹೆದರಿಕೆ. 1994ರಲ್ಲಿ ಅಮೆರಿಕದ ರಾಲ್ಫ್ ಜೋಜೆಫೋವಿಚ್ ಎಂಬ ನರವಿಜ್ಞಾನದ ಅಧ್ಯಾಪಕರು ಈ ಹೆದರಿಕೆಗೆ ‘ನ್ಯೂರೋಫೋಬಿಯಾ’ ಎಂದು ಹೆಸರಿಟ್ಟರು. ಮೊದಲ ವರ್ಷ ಬಾಯಿಪಾಠ ಮಾಡಿದ ಮಿದುಳಿನ ನಕ್ಷೆಯನ್ನು ರೋಗಿಯ ಹಾಸಿಗೆಯ ಪಕ್ಕಕ್ಕೆ ತರಲಾಗದ ಕಷ್ಟವೇ ಇದರ ಮೂಲ ಎಂಬುದು ಅವರ ವಾದ. ನಿಜವಿರಬಹುದು. ಆದರೆ ಹೆದರಿಕೆ ಹೋಗಿಸಲು ಒಂದು ಹಳೆಯ ಉಪಾಯ ಇನ್ನೂ ಇದೆ. ಒಳ್ಳೆಯ ಒಂದು ಕಥೆ ಹೇಳುವುದು. ಮಲೇಷ್ಯಾದ ಮಕ್ಕಳಿಗೆ ಹೇಳಲು ಅವರ ನಾಡಿನದೇ ಕಥೆಯಿದೆ, ಅದೂ ಪತ್ತೇದಾರಿ ಕಾದಂಬರಿಯನ್ನು ನಾಚಿಸುವಂಥದ್ದು.

ಅದು ಶುರುವಾದದ್ದು 1998ರ ಸೆಪ್ಟೆಂಬರಿನಲ್ಲಿ, ಈಪೋ ಸುತ್ತಮುತ್ತಲ ಹಂದಿ ಸಾಕಣೆಯ ಹಳ್ಳಿಗಳಲ್ಲಿ. ಗಟ್ಟಿಮುಟ್ಟಾದ ಗಂಡಸರಿಗೆ ಜ್ವರ, ತಲೆನೋವು, ಮಂಪರು. ಕೆಲವೇ ದಿನಗಳಲ್ಲಿ ಪ್ರಜ್ಞೆ ತಪ್ಪುವುದು, ಸಾವು. ಹಂದಿ, ಸೊಳ್ಳೆ, ಮಿದುಳಿನ ಉರಿಯೂತ ಈ ಮೂರೂ ಒಂದೆಡೆ ಸೇರಿದರೆ ಏಷ್ಯಾದ ಯಾವ ವೈದ್ಯನ ಬಾಯಿಗಾದರೂ ಮೊದಲು ಬರುವ ಹೆಸರು ಜಪಾನೀಸ್ ಎನ್ಸೆಫಲೈಟಿಸ್. ಕೋಲಾರ, ಮಂಡ್ಯದ ಕಡೆಯವರು ‘ಮೆದುಳು ಜ್ವರ’ ಎಂದು ಕರೆದು ನಡುಗಿದ ಕಾಯಿಲೆಯೇ ಅದು. ಕೆಲವು ರೋಗಿಗಳ ರಕ್ತಪರೀಕ್ಷೆಯೂ ಹೌದು ಹೌದು ಎಂದಿತು. ಸರಿ, ಸರ್ಕಾರ ಸೊಳ್ಳೆಗೆ ಹೊಗೆ ಹಾಕಿಸಿತು, ಲಸಿಕೆ ಹಾಕಿಸಿತು. ರೋಗ ನಿಲ್ಲಲಿಲ್ಲ. ಈಪೋ ಕಡೆಯ ಕಾಯಿಲೆ ಹಂದಿಗಳು ಮಾರಾಟವಾಗಿ ದಕ್ಷಿಣಕ್ಕೆ ಹೋದವು. ಹಿಂದೆಯೇ ರೋಗವೂ ನೆಗ್ರಿ ಸೆಂಬಿಲಾನ್ ರಾಜ್ಯದ ಬುಕಿಟ್ ಪೆಲಾಂಡೋಕ್‌ಗೆ ಹೋಗಿ ಅಲ್ಲಿ ಉರಿದೆದ್ದಿತು.

ತರಗತಿಯಲ್ಲಿ ಮೇಷ್ಟ್ರು ಇಲ್ಲಿಗೆ ನಿಲ್ಲಿಸಿ ಕೇಳಬಹುದು: ಏನೋ ಸರಿಹೋಗುತ್ತಿಲ್ಲ, ಏನದು?

ಸರಿಹೋಗದ ಸಂಗತಿಗಳು ಕಣ್ಣೆದುರಿಗೇ ಇದ್ದವು. ಜಪಾನೀಸ್ ಎನ್ಸೆಫಲೈಟಿಸ್ ಹೆಚ್ಚಾಗಿ ಮಕ್ಕಳನ್ನು ಹಿಡಿಯುತ್ತದೆ, ಇಲ್ಲಿ ಮಲಗಿದವರು ದುಡಿಯುವ ವಯಸ್ಸಿನ ಗಂಡಸರು. ಸೊಳ್ಳೆ ಜಾತಿ ಮತ ನೋಡಿ ಕಚ್ಚುವುದಿಲ್ಲ; ಆದರೆ ರೋಗ ಬಿದ್ದದ್ದು ಹಂದಿ ಮುಟ್ಟುವವರ ಮೇಲೆ, ಹಂದಿಯ ಗೊಡವೆಯೇ ಇಲ್ಲದ ಮಲಯ ಮುಸ್ಲಿಮರ ಮನೆಗಳು ಪಾರಾಗಿದ್ದವು. ಲಸಿಕೆ ಹಾಕಿಸಿಕೊಂಡವರೂ ಮಲಗಿದರು. ಎಲ್ಲಕ್ಕಿಂತ ಹೆಚ್ಚಾಗಿ, ಹಂದಿಗಳೇ ಕೆಮ್ಮುತ್ತಿದ್ದವು. ಜಪಾನೀಸ್ ಎನ್ಸೆಫಲೈಟಿಸ್ ವೈರಸ್ಸನ್ನು ಹೊತ್ತ ಹಂದಿ ಕಂದು ಹಾಕಬಹುದೇ ಹೊರತು ಕೆಮ್ಮುವುದಿಲ್ಲ. ಇಲ್ಲಿನ ಹಂದಿಗಳ ಕೆಮ್ಮು ನಾಯಿ ಬೊಗಳಿದಂತೆ ಬಹುದೂರ ಕೇಳುತ್ತಿತ್ತು. ಸಾಕುವವರು ಇದನ್ನು ಹೇಳುತ್ತಲೂ ಇದ್ದರು. ಆದರೆ ಒಂದು ಹೆಸರು ಒಮ್ಮೆ ಕಡತಕ್ಕೆ ಬಿದ್ದ ಮೇಲೆ ಅದನ್ನು ಅಳಿಸುವುದು ಸುಲಭವೆ? ಕಡತಗಳ ಈ ಗುಣ ಯಾವ ದೇಶದಲ್ಲೂ ಬೇರೆಯಲ್ಲ.

ಕೌಲಾಲಂಪುರದ ಮಲಯ ವಿಶ್ವವಿದ್ಯಾಲಯದ ಆಸ್ಪತ್ರೆಯ ನರರೋಗ ವಿಭಾಗಕ್ಕೆ ಈ ರೋಗಿಗಳು ಬಂದಾಗ ಹಾಸಿಗೆಯ ಪಕ್ಕದ ಪರೀಕ್ಷೆ ತನ್ನ ಮಾತು ಹೇಳಿತು. ಮಿದುಳಿನ ರೋಗ, ಆದರೆ ಸುತ್ತಿಗೆಯಿಂದ ತಟ್ಟಿದರೆ ಬಹಳ ಮಂದಿಯ ಮೊಣಕಾಲು ಓಗೊಡುತ್ತಿಲ್ಲ. ಕೈಕಾಲು ಬಟ್ಟೆಯಂತೆ ಸಡಿಲ. ಎದೆಬಡಿತ ವಿಪರೀತ ವೇಗ, ರಕ್ತದೊತ್ತಡ ಏರಿದೆ. ಮತ್ತೊಂದು, ಒಮ್ಮೆ ನೋಡಿದವರು ಮರೆಯಲಾರದ್ದು: ಪ್ರಜ್ಞೆಯಿಲ್ಲದೆ ಮಲಗಿದವನ ಕುತ್ತಿಗೆಯ ಮುಂಭಾಗದ ಸ್ನಾಯುಗಳು, ವಪೆ, ಒಂದೇ ಲಯದಲ್ಲಿ ಟಕ್ ಟಕ್ ಎಂದು ಅದುರುತ್ತಿರುತ್ತವೆ. ವಪೆ ಎಂದರೆ ಎದೆಗೂ ಹೊಟ್ಟೆಗೂ ನಡುವಿನ ಆ ತೆಳು ಸ್ನಾಯುವಿನ ಪರದೆ. ಇದು ಬಿಕ್ಕಳಿಕೆಯಲ್ಲ, ಸೆಳವೂ ಅಲ್ಲ. ಸೆಗ್ಮೆಂಟಲ್ ಮಯೋಕ್ಲೋನಸ್ ಎಂದು ಇದರ ಹೆಸರು. ಆ ಆಸ್ಪತ್ರೆಯ ವೈದ್ಯರು 94 ರೋಗಿಗಳ ವಿವರವನ್ನು 2000ದಲ್ಲಿ ಪ್ರಕಟಿಸಿದಾಗ ಸುಮಾರು ಮೂರರಲ್ಲೊಬ್ಬರಿಗೆ ಈ ಅದುರು ಇದ್ದದ್ದು ದಾಖಲಾಯಿತು. ಸತ್ತವರ ಪ್ರಮಾಣವೂ ಹೆಚ್ಚುಕಡಿಮೆ ಅಷ್ಟೇ, 94ರಲ್ಲಿ 30.

ಇತ್ತ ಅದೇ ವಿಶ್ವವಿದ್ಯಾಲಯದ ಪ್ರಯೋಗಾಲಯದಲ್ಲಿ, ಪ್ರೊಫೆಸರ್ ಲಾಮ್ ಸಾಯ್ ಕಿಟ್ ಅವರ ವಿಭಾಗದಲ್ಲಿದ್ದ ಚುವಾ ಕಾವ್ ಬಿಂಗ್ ಎಂಬ ವೈದ್ಯ ರೋಗಿಗಳ ಬೆನ್ನಿನಿಂದ ತೆಗೆದ ನೀರನ್ನು ಜೀವಕೋಶಗಳಿಗೆ ಹಾಕಿ ಕಾದು ಕೂತಿದ್ದರು. 1999ರ ಮಾರ್ಚ್ ಆರಂಭದಲ್ಲಿ ಸೂಕ್ಷ್ಮದರ್ಶಕದಲ್ಲಿ ಕಂಡದ್ದು ನಿರೀಕ್ಷಿಸಿದ್ದಲ್ಲ. ಜೀವಕೋಶಗಳು ಒಂದಕ್ಕೊಂದು ಕರಗಿ ಸೇರಿ ದೊಡ್ಡ ಮುದ್ದೆಗಳಾಗಿದ್ದವು. ಜಪಾನೀಸ್ ಎನ್ಸೆಫಲೈಟಿಸ್ ವೈರಸ್ಸು ಹೀಗೆ ಮಾಡುವುದಿಲ್ಲ. ಚುವಾ ಅದನ್ನು ಹಿಡಿದುಕೊಂಡು ಅಮೆರಿಕದ ಫೋರ್ಟ್ ಕಾಲಿನ್ಸ್‌ಗೆ ಹೋದರು. ಅದು ಸೊಳ್ಳೆ, ಉಣ್ಣೆಗಳಿಂದ ಹರಡುವ ವೈರಸ್ಸುಗಳ ಪ್ರಯೋಗಾಲಯ. ಅಲ್ಲಿನ ಎಲೆಕ್ಟ್ರಾನ್ ಸೂಕ್ಷ್ಮದರ್ಶಕದ ಕೆಳಗೆ ಕಂಡದ್ದು ದಡಾರ, ಮಂಗಬಾವುಗಳ ಕುಲಕ್ಕೆ ಸೇರಿದ ವೈರಸ್ಸು! ಮಾದರಿಗಳು ಅಟ್ಲಾಂಟಾಗೆ ಹೋದವು. 1994ರಲ್ಲಿ ಆಸ್ಟ್ರೇಲಿಯಾದ ಬ್ರಿಸ್ಬೇನಿನಲ್ಲಿ ಕುದುರೆಗಳನ್ನೂ ಅವುಗಳ ತರಬೇತಿದಾರನನ್ನೂ ಕೊಂದ ಹೆಂಡ್ರಾ ವೈರಸ್ಸಿನ ದಾಯಾದಿ ಇದು ಎಂದು ತಿಳಿಯಿತು. ವೈರಸ್ಸು ಸಿಕ್ಕಿದ ರೋಗಿಯ ಊರು ಸುಂಗೈ ನಿಪಾ. ಊರಿನ ಹೆಸರೇ ವೈರಸ್ಸಿಗೆ ಹೆಸರಾಯಿತು. ನಿಪಾ ಎಂದರೆ ಮಲಯ ಭಾಷೆಯಲ್ಲಿ ಹಿನ್ನೀರಿನ ಕೆಸರಿನಲ್ಲಿ ಬೆಳೆಯುವ ಒಂದು ಬಗೆಯ ತಾಳೆ. ಪಾಪ, ಆ ಗಿಡದ ತಪ್ಪೇನೂ ಇಲ್ಲ.

ಸೈನ್ಯ ಬಂತು. ಹತ್ತಿರ ಹತ್ತಿರ 11 ಲಕ್ಷ ಹಂದಿಗಳನ್ನು ಕೊಂದು ಹೂಳಲಾಯಿತು. 1999ರ ಮೇ ಹೊತ್ತಿಗೆ ಮಲೇಷ್ಯಾದಲ್ಲಿ 265 ಮಂದಿ ಮಿದುಳಿನ ಉರಿಯೂತಕ್ಕೆ ಸಿಕ್ಕಿ 105 ಮಂದಿ ಸತ್ತಿದ್ದರು. ಅಲ್ಲಿಂದ ಹಂದಿ ತರಿಸಿಕೊಂಡ ಸಿಂಗಪುರದ ಕಸಾಯಿಖಾನೆಯಲ್ಲಿ 11 ಮಂದಿಗೆ ತಗುಲಿ ಒಬ್ಬ ಸತ್ತ. ಹಂದಿಗೆ ಎಲ್ಲಿಂದ ಬಂತು? ಹಂದಿ ಗೂಡಿನ ಮೇಲೆಯೇ ಮಾವಿನ ಮರ, ದೂರಿಯಾನ್ ಮರ. ಮರಕ್ಕೆ ರಾತ್ರಿ ಬರುವ ತೊಗಲುಬಾವಲಿ. ಬಾವಲಿ ಕಚ್ಚಿ ಬೀಳಿಸಿದ ಹಣ್ಣು ಹಂದಿಯ ಬಾಯಿಗೆ. ಚುವಾ ಮತ್ತು ಅವರ ಸಂಗಡಿಗರು ತಿಯೋಮಾನ್ ದ್ವೀಪದಲ್ಲಿ ಬಾವಲಿ ನೇತಾಡುವ ಮರಗಳ ಕೆಳಗೆ ಪ್ಲಾಸ್ಟಿಕ್ ಹಾಳೆ ಹಾಸಿ, ಬಿದ್ದ ಮೂತ್ರದ ಹನಿಗಳನ್ನು ಒರೆಸಿ ತೆಗೆದು ಅದರಲ್ಲಿ ವೈರಸ್ಸು ಹಿಡಿದರು. ವಿಜ್ಞಾನ ಎಂದರೆ ಬಿಳಿ ಕೋಟು, ಗಾಜಿನ ಕೊಳವೆ ಎಂದುಕೊಂಡವರಿಗೆ ಈ ಭಾಗವನ್ನು ಅಗತ್ಯವಾಗಿ ಹೇಳಬೇಕು.

ಇನ್ನು ವೈರಸ್ಸು ಮಿದುಳಿನಲ್ಲಿ ಮಾಡುವುದೇನು? ನಿಪಾ ಮೊದಲು ಕೈಹಾಕುವುದು ಸಣ್ಣ ರಕ್ತನಾಳಗಳ ಒಳಗೋಡೆಗೆ. ಗೋಡೆ ಊದಿ, ರಕ್ತ ಹೆಪ್ಪುಗಟ್ಟಿ, ಅದರಾಚೆಗಿನ ಚೂರು ಜಾಗಕ್ಕೆ ಆಹಾರವಿಲ್ಲ. ಎಂ.ಆರ್.ಐ. ಚಿತ್ರದಲ್ಲಿ ಅಲ್ಲಲ್ಲಿ ಅಕ್ಕಿಕಾಳು ಚೆಲ್ಲಿದಂತೆ ಬಿಳಿ ಚುಕ್ಕೆಗಳು ಕಾಣುತ್ತವೆ. ಒಂದು ದೊಡ್ಡ ಲಕ್ವದ ಬದಲು ನೂರಾರು ಪುಟ್ಟ ಲಕ್ವಗಳು. ಜೊತೆಗೆ ನರಕೋಶಗಳನ್ನೂ ನೇರವಾಗಿ ಹೊಕ್ಕುತ್ತದೆ. ಇದಕ್ಕಿಂತ ಭಯ ಹುಟ್ಟಿಸುವ ಸಂಗತಿ ಬೇರೆಯಿದೆ. ಬದುಕಿ ಮನೆಗೆ ಹೋದವರಲ್ಲಿ ಕೆಲವರಿಗೆ ತಿಂಗಳುಗಳ ನಂತರ, ಇನ್ನು ಕೆಲವರಿಗೆ ವರ್ಷಗಳ ನಂತರ ಉರಿಯೂತ ಮರುಕಳಿಸಿತು. ಮೊದಲ ಸಲ ಬರೀ ಜ್ವರ ಬಂದು ಹೋಗಿದ್ದವರಿಗೂ, ಏನೂ ಬಂದಿಲ್ಲ ಎಂದುಕೊಂಡಿದ್ದವರಿಗೂ ಹೀಗಾದದ್ದುಂಟು. ‘ಗುಣವಾಯಿತು, ಮನೆಗೆ ಹೋಗಬಹುದು’ ಎಂದು ಬರೆದುಕೊಡುವ ಚೀಟಿಯ ಬೆಲೆ ಇಂಥ ಕಡೆ ತುಸು ಕಡಿಮೆಯಾಗಿಬಿಡುತ್ತದೆ.

ವೈರಸ್ಸುಗಳಿಗೆ ಈ ಚಾಳಿ ಹೊಸದೂ ಅಲ್ಲ. ಮಗುವಿಗೆ ಬಂದು ಹೋದ ದಡಾರ ಏಳೆಂಟು ವರ್ಷ ಮಿದುಳಿನಲ್ಲಿ ಅವಿತಿದ್ದು, ಶಾಲೆಗೆ ಹೋಗುವ ಹುಡುಗನನ್ನು ಮೆಲ್ಲಮೆಲ್ಲನೆ ಮಂಕಾಗಿಸಿ, ಕೈಯಲ್ಲಿದ್ದ ತಟ್ಟೆ ಬೀಳಿಸಿ, ಕೊನೆಗೆ ಹಾಸಿಗೆ ಹಿಡಿಸುವ ಕಾಯಿಲೆಯನ್ನು ಭಾರತದ ನರರೋಗ ವಾರ್ಡುಗಳು ಚೆನ್ನಾಗಿ ಬಲ್ಲವು. ಯುರೋಪಿನಲ್ಲಿ ಓದಿ ಬಂದ ಎಷ್ಟೋ ವೈದ್ಯರು ಅದನ್ನು ಪುಸ್ತಕದಲ್ಲಷ್ಟೇ ನೋಡಿರುತ್ತಾರೆ. ದಡಾರದ ಲಸಿಕೆ ಸರಿಯಾಗಿ ಬಿದ್ದ ಕಡೆ ಆ ಕಾಯಿಲೆಯೇ ಇಲ್ಲ. ಮಂಗನ ಕಾಯಿಲೆಯದು ಇನ್ನೊಂದು ಆಟ. 1957ರಲ್ಲಿ ಸೊರಬ ತಾಲೂಕಿನ ಕ್ಯಾಸನೂರು ಕಾಡಿನಲ್ಲಿ ಗುರುತಿಗೆ ಬಂದ ಈ ಜ್ವರ ಕೆಲವರಲ್ಲಿ ಎರಡು ಕಂತಿನಲ್ಲಿ ಬರುತ್ತದೆ. ಮೊದಲ ಕಂತು ಇಳಿದು, ಒಂದೆರಡು ವಾರ ರೋಗಿ ಗಂಜಿ ಉಂಡು ಅಂಗಳದಲ್ಲಿ ಕೂರುವಷ್ಟಾದ ಮೇಲೆ ಮತ್ತೆ ಜ್ವರ, ಸಹಿಸಲಾಗದ ತಲೆನೋವು, ಕುತ್ತಿಗೆ ಸೆಟೆತ, ನಡುಕ, ತಲೆಬುಡವಿಲ್ಲದ ಮಾತು. 2019ರಲ್ಲಿ ಸಾಗರ ತಾಲೂಕಿನ ಅರಳಗೋಡು ಕಡೆಯಿಂದ ಎಷ್ಟೋ ರೋಗಿಗಳು ಘಟ್ಟ ಇಳಿದು ಬಂದದ್ದು ಮಣಿಪಾಲಕ್ಕೇ. ಮಲೆನಾಡಿನ ಉಣ್ಣೆಯ ಬಗ್ಗೆ ಮಲಯ ನಾಡಿನ ಹುಡುಗ ತಿಳಿದುಕೊಂಡು ಏನು ಮಾಡಬೇಕು ಎಂದು ಕೇಳಬಹುದು. ಉಣ್ಣೆ ಅವನಿಗೆ ಬೇಕಿಲ್ಲ. ಜ್ವರ ಬಿಟ್ಟ ಮೇಲೂ ಹದಿನೈದು ದಿನ ರೋಗಿಯ ಮಾತಿನ ಮೇಲೆ ಒಂದು ಕಿವಿ ಇಡಬೇಕೆಂಬುದು ಬೇಕು.

ಕೆಲವೊಮ್ಮೆ ವೈರಸ್ಸು ತಾನು ಹೊರಟುಹೋಗಿ, ಜಗಳ ಮಾತ್ರ ಮನೆಯಲ್ಲಿ ಬಿಟ್ಟುಹೋಗುತ್ತದೆ. ಅದನ್ನು ಓಡಿಸಲು ದೇಹ ತಯಾರಿಸಿದ ಆಯುಧಗಳೇ ತಿರುಗಿ ಸ್ವಂತ ನರಗಳ ಮೇಲೆ ಬೀಳುತ್ತವೆ. ಪಾದದಿಂದ ಶುರುವಾದ ನಿಶ್ಶಕ್ತಿ ದಿನದಿನಕ್ಕೆ ಮೇಲೇರಿ ಎದೆಯವರೆಗೆ ಬಂದು ಉಸಿರು ಕಟ್ಟಿಸುವ ಗಿಯಾಂ-ಬಾರೆ ಕಾಯಿಲೆ ಇಂಥದ್ದು. 2013-14ರಲ್ಲಿ ಫ್ರೆಂಚ್ ಪಾಲಿನೇಷ್ಯಾದ ದ್ವೀಪಗಳಲ್ಲಿ ಝೀಕಾ ಜ್ವರ ಹರಡಿದ ಬೆನ್ನಿಗೇ 42 ಮಂದಿಗೆ ಈ ಕಾಯಿಲೆ ಬಂತು. ಅಷ್ಟು ಚಿಕ್ಕ ನಾಡಿಗೆ ಅದು ಬಹಳ ದೊಡ್ಡ ಸಂಖ್ಯೆ. ಇಲ್ಲೂ ಸುತ್ತಿಗೆಗೆ ಮೊಣಕಾಲು ಓಗೊಡುವುದಿಲ್ಲ. ಆದರೆ ರೋಗಿಗೆ ಪೂರ್ತಿ ಎಚ್ಚರವಿರುತ್ತದೆ. ನಿಪಾದಲ್ಲಿ ಎಚ್ಚರವೂ ಇಲ್ಲ, ಓಗೊಡುವುದೂ ಇಲ್ಲ. ಆ ಎರಡು ಒಟ್ಟಿಗೆ ಕಂಡರೆ ವೈದ್ಯ ಕುರ್ಚಿಯಿಂದ ಎದ್ದು ನಿಲ್ಲಬೇಕು.

ನಿಪಾಕ್ಕೆ ಔಷಧವಿಲ್ಲ, ಸರಿ. ಔಷಧವಿದ್ದೂ ಜನ ಸಾಯುವ ಒಂದು ಮಿದುಳಿನ ಉರಿಯೂತವಿದೆ. ಅದರ ಪಾಠವನ್ನು ಯಾವ ಮೇಷ್ಟ್ರೂ ಬೇಗ ಮುಗಿಸುವುದಿಲ್ಲ. ತುಟಿಯಂಚಿನಲ್ಲಿ ಗುಳ್ಳೆ ಎಬ್ಬಿಸುವ ಹರ್ಪಿಸ್ ವೈರಸ್ಸು ಅಪರೂಪಕ್ಕೆ ಮಿದುಳು ಹೊಕ್ಕು, ಕಿವಿಯ ಮೇಲ್ಭಾಗದ ಒಳಗಿರುವ ನೆನಪಿನ ಉಗ್ರಾಣಕ್ಕೆ ಬೆಂಕಿ ಇಡುತ್ತದೆ. ನಿನ್ನೆಯವರೆಗೆ ಸರಿಯಿದ್ದ ಹೆಂಗಸು ಇಂದು ಜ್ವರದಲ್ಲಿ ಗಂಡನ ಗುರುತು ಹಿಡಿಯುವುದಿಲ್ಲ, ಇಲ್ಲದ ವಾಸನೆ ಬರುತ್ತಿದೆ ಎನ್ನುತ್ತಾಳೆ, ಬೈಯುತ್ತಾಳೆ, ನಗುತ್ತಾಳೆ. ಮನೆಯವರಿಗೆ ಇದು ಮೈಮೇಲೆ ಬಂದಂತೆ ಕಂಡರೆ ಅವರ ತಪ್ಪಲ್ಲ. ಮಲಾಕ್ಕದಲ್ಲೂ ಮಂತ್ರವಾದಿಯ ಮನೆ ಆಸ್ಪತ್ರೆಗಿಂತ ಹತ್ತಿರ, ಕಾರ್ಕಳದಲ್ಲೂ ಹತ್ತಿರ. ಅಲ್ಲಿ ನಾಲ್ಕು ದಿನ, ಮಾನಸಿಕ ರೋಗವೆಂದು ಇನ್ನೆಲ್ಲೋ ಎರಡು ದಿನ. ಚಿಕಿತ್ಸೆ ಸಿಗದಿದ್ದರೆ ಹತ್ತರಲ್ಲಿ ಏಳು ಮಂದಿ ಸಾಯುತ್ತಾರೆ. ಅಸೈಕ್ಲೋವಿರ್ ಎಂಬ ಔಷಧ ಬೇಗ ರಕ್ತಕ್ಕೆ ಸೇರಿದರೆ ಬಹುಪಾಲು ಮಂದಿ ಬದುಕುತ್ತಾರೆ. ಜ್ವರ ಮತ್ತು ವರ್ತನೆಯ ಬದಲಾವಣೆ ಒಟ್ಟಿಗೆ ಕಂಡರೆ ಪರೀಕ್ಷೆಯ ವರದಿಗೆ ಕಾಯಬೇಡ, ಮೊದಲು ಔಷಧ ಹಾಕು ಎಂಬುದು ಅದಕ್ಕೇ. ‘ಮನೆಯವರು ಹೇಳುವುದನ್ನು ಅವರ ಮಾತಿನಲ್ಲೇ ಕೇಳಿಸಿಕೋ’ ಎಂಬ ಹಳೆಯ ಉಪದೇಶ ಇಲ್ಲಿ ಪ್ರಾಣದ ಪ್ರಶ್ನೆ. ‘ಯಾರೋ ಹೊಕ್ಕ ಹಾಗೆ ಮಾಡ್ತಾಳೆ’ ಎಂಬ ಮಾತನ್ನು ಮೂಢನಂಬಿಕೆ ಎಂದು ಪಕ್ಕಕ್ಕೆ ತಳ್ಳುವ ವೈದ್ಯ ರೋಗದ ಮುಖ್ಯ ಲಕ್ಷಣವನ್ನೇ ಪಕ್ಕಕ್ಕೆ ತಳ್ಳಿರುತ್ತಾನೆ.

ನಿಪಾದ ಕಥೆ ಮಲೇಷ್ಯಾದಲ್ಲಿ ಮುಗಿಯಲಿಲ್ಲ. 2001ರಲ್ಲಿ ಪಶ್ಚಿಮ ಬಂಗಾಳದ ಸಿಲಿಗುರಿಯಲ್ಲಿ 60ಕ್ಕೂ ಹೆಚ್ಚು ಮಂದಿಗೆ ಬಂದು ಹೋಯಿತು; ಅದು ನಿಪಾ ಎಂದು ಗೊತ್ತಾದದ್ದು ಎಷ್ಟೋ ಕಾಲದ ಮೇಲೆ. ಅಲ್ಲಿ ಹಂದಿಯ ಸುಳಿವೇ ಇರಲಿಲ್ಲ, ಆಸ್ಪತ್ರೆಯಲ್ಲೇ ಒಬ್ಬರಿಂದೊಬ್ಬರಿಗೆ ಹಬ್ಬಿತ್ತು. ಬಾಂಗ್ಲಾದೇಶದಲ್ಲಿ ಈಚಲ ಮರಕ್ಕೆ ಕಟ್ಟಿದ ಮಡಕೆಗೆ ಬಾವಲಿ ಬಾಯಿ ಹಾಕಿ, ಬೆಳಗಿನ ಹಸಿ ರಸ ಕುಡಿದವರಿಗೆ ಬಂತು. ವೈರಸ್ಸು ಒಂದೇ, ದಾರಿ ಊರಿಗೊಂದು.

2018ರ ಮೇ ತಿಂಗಳು. ಕೇರಳದ ಕೋಯಿಕ್ಕೋಡಿನ ಖಾಸಗಿ ಆಸ್ಪತ್ರೆಯೊಂದಕ್ಕೆ ನಡುರಾತ್ರಿ ಒಬ್ಬ ಯುವಕನನ್ನು ತಂದರು. ಜ್ವರ, ಅರೆಪ್ರಜ್ಞೆ. ಹನ್ನೆರಡು ದಿನದ ಹಿಂದೆ ಅವನ ತಮ್ಮ ಇಂಥದೇ ಜ್ವರದಲ್ಲಿ ಸತ್ತಿದ್ದ. ಮನೆಯಲ್ಲಿ ಇನ್ನೂ ಇಬ್ಬರಿಗೆ ಕಾಯಿಲೆ. ಅಲ್ಲಿದ್ದ ಡಾ. ಅನೂಪ್ ಕುಮಾರ್ ಮತ್ತು ಅವರ ನರರೋಗ ತಜ್ಞ ಸಹೋದ್ಯೋಗಿ ರೋಗಿಯನ್ನು ಪರೀಕ್ಷಿಸಿದರು. ಎದೆಬಡಿತ ವಿಪರೀತ, ರಕ್ತದೊತ್ತಡ ವಿಪರೀತ, ಸುತ್ತಿಗೆಗೆ ಮೊಣಕಾಲು ಓಗೊಡುತ್ತಿಲ್ಲ, ಸ್ನಾಯುಗಳು ಲಯಬದ್ಧವಾಗಿ ಅದುರುತ್ತಿವೆ. ಭಾರತದ ದಕ್ಷಿಣದಲ್ಲಿ ಯಾರೂ ಅದುವರೆಗೆ ನಿಪಾ ನೋಡಿರಲಿಲ್ಲ. ಇವರೂ ಓದಿದ್ದರಷ್ಟೇ. ಓದಿದ್ದು ನೆನಪಾಯಿತು. ಮಾದರಿಗಳು ಹೋದದ್ದು ಎಲ್ಲಿಗೆ? ಮಣಿಪಾಲದ ವೈರಸ್ ಸಂಶೋಧನಾ ಕೇಂದ್ರಕ್ಕೆ. ಡಾ. ಜಿ. ಅರುಣ್‌ಕುಮಾರ್ ಅವರ ಮುಂದಾಳತ್ವದಲ್ಲಿದ್ದ ಆ ಕೇಂದ್ರ ನಿಪಾ ಎಂದು ಗುರುತಿಸಿತು. ಬೆನ್ನಿಗೇ ಪುಣೆಯ ರಾಷ್ಟ್ರೀಯ ವೈರಾಣು ಸಂಸ್ಥೆ ದೃಢಪಡಿಸಿತು.

ಎರಡನೆಯ ಸಾವಿನ ಹೊತ್ತಿಗೇ ಹೆಸರು ಸಿಕ್ಕಿತ್ತು. ಮಲೇಷ್ಯಾದಲ್ಲಿ ಅದಕ್ಕೆ ಐದಾರು ತಿಂಗಳು ಹಿಡಿದಿತ್ತು. ಹಾಗಿದ್ದೂ ಕೇರಳದಲ್ಲಿ ಸೋಂಕಿಗೆ ಸಿಕ್ಕಿದ 23 ಮಂದಿಯಲ್ಲಿ ಇಬ್ಬರು ಮಾತ್ರ ಉಳಿದರು. ಹೆಚ್ಚಿನವರಿಗೆ ಅದು ತಗುಲಿದ್ದು ಹೆಸರು ಗೊತ್ತಾಗುವ ಮೊದಲೇ, ಆಸ್ಪತ್ರೆಗಳ ಒಳಗೇ, ಮೊದಲ ರೋಗಿ ಕೆಮ್ಮುತ್ತ ಮಲಗಿದ್ದ ಕಡೆ. ಪೇರಾಂಬ್ರಾ ತಾಲೂಕು ಆಸ್ಪತ್ರೆಯಲ್ಲಿ ಅವನ ಆರೈಕೆ ಮಾಡಿದ ನರ್ಸ್ ಲಿನಿ ಮೇ 21ರಂದು ತೀರಿಕೊಂಡರು. ಸಾವಿನ ಸಂಖ್ಯೆ ಅಲ್ಲಿಗೆ ನಿಂತದ್ದು ದೊಡ್ಡದೇ. ಆದರೆ ಆ ಮನೆಯವರಿಗೆ ಹಾಗೆ ಹೇಳುವ ಧೈರ್ಯ ಯಾರಿಗಿದೆ? ಆಮೇಲೆ 2019, 2021, 2023, 2024ರಲ್ಲಿಯೂ ಕೇರಳದಲ್ಲಿ ನಿಪಾ ತಲೆಯೆತ್ತಿತು. ಪ್ರತಿ ಸಲವೂ ಗಡಿಯಾಚೆ ಮಂಗಳೂರು, ಕೊಡಗು, ಮೈಸೂರಿನ ಆಸ್ಪತ್ರೆಗಳು ಕಿವಿ ನಿಮಿರಿಸಿ ಕೂತವು. ಮಾರುಕಟ್ಟೆಯಲ್ಲಿ ಸಿಗುವ ಲಸಿಕೆ ಇನ್ನೂ ಇಲ್ಲ.

ಈಪೋದ ಹುಡುಗಿಗೆ ಈ ಕಥೆಯ ಮೊದಲರ್ಧ ಮನೆಯಲ್ಲೇ ಗೊತ್ತಿದ್ದರೆ ಆಶ್ಚರ್ಯವಿಲ್ಲ. ಅವಳ ಊರಿನ ಸುತ್ತಮುತ್ತಲ ಹಿರಿಯರಿಗೆ ಅದು ಹಂದಿಗಳನ್ನು ಹೂತ ವರ್ಷ. ಎರಡನೆಯರ್ಧದ ಸುಳುಹು ಸಿಕ್ಕಿದ್ದು ಅವಳು ಈಗ ನಿಂತಿರುವ ಊರಿನಲ್ಲಿ. ಅದು ಅವಳಿಗೆ ತಿಳಿದಿದೆಯೋ ಇಲ್ಲವೋ. ಸದ್ಯಕ್ಕೆ ಅವಳ ಮುಂದಿರುವುದು ಅಜ್ಜಿಯ ಕಾಲು. ಅಜ್ಜಿಗೆ ಬಂದಿರುವುದು ವೈರಸ್ಸಿನ ಕಾಯಿಲೆಯಲ್ಲವೆಂಬುದು ಆಗಲೇ ಬಹುಮಟ್ಟಿಗೆ ಗೊತ್ತಾಗಿದೆ. ಆದರೂ ತಟ್ಟಿ ನೋಡಲೇಬೇಕು. ಮೊಣಕಾಲಡಿ ಎಡಗೈ ಕೊಟ್ಟು ಎತ್ತಿ, ಸುತ್ತಿಗೆಯನ್ನು ತುದಿಯಲ್ಲಿ ಸಡಿಲವಾಗಿ ಹಿಡಿದು, ಅದರ ಭಾರಕ್ಕೇ ಬೀಳಲು ಬಿಡುತ್ತಾಳೆ. ಕಾಲು ಚಿಮ್ಮುತ್ತದೆ.

“ಅಯ್ಯೋ, ನಾನು ಒದ್ದದ್ದಲ್ಲ ಮಗಾ, ತಾನಾಗಿ ಹೋಯ್ತು!” ಎಂದು ಅಜ್ಜಿ ಗಾಬರಿಯಾಗುತ್ತಾರೆ. ಆರೇಳು ಮಂದಿಯೂ ನಗುತ್ತಾರೆ. ಪ್ರೊಫೆಸರ್ ನಗುವುದಿಲ್ಲ.

“ಒಂದು ಕಾಲು ಆಯ್ತು. ಇನ್ನೊಂದು?”